ಒಂದು ಬಂಗಡೆ, ಒಂದು ಕೋಳಿಪಾದ, ಒಂದು ಗುಡ್ಡ: ಅಂಗಾಂಶದ ಪಾಠ ಹೀಗೆ ಮಾಡಿ ನೋಡಿ

ಒಂಬತ್ತನೇ ಕ್ಲಾಸಿನಲ್ಲಿ ಅಂಗಾಂಶದ ಪಾಠ ಬರುತ್ತದೆ. ಮಕ್ಕಳು ಏನು ಮಾಡುತ್ತಾರೆ ಗೊತ್ತಲ್ವಾ? ನಾಲ್ಕು ಕಾಲಂ ಹಾಕಿ ಅನುಲೇಪಕ, ಸಂಯೋಜಕ, ಸ್ನಾಯು, ನರ ಅಂತ ಬರೆದು, ಕೆಳಗೆ ಉಪವಿಧ ತುಂಬಿ, ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮರುದಿನ ಮರೆಯುತ್ತಾರೆ. ನಾನು ಕಾರವಾರದಲ್ಲಿ ಸಂಜೆ ಹೊತ್ತು ಓಣಿಯ ಎಂಟು-ಹತ್ತು ಮಕ್ಕಳನ್ನು ಕೂರಿಸಿಕೊಂಡು ವಿಜ್ಞಾನ ಹೇಳಿಕೊಡುತ್ತೇನೆ. ಮೊದಲ ಎರಡು ವರ್ಷ ನಾನೂ ಅದೇ ಟೇಬಲ್ ಬರೆಸಿದೆ. ಒಂದು ದಿನ ಹುಡುಗನೊಬ್ಬ ಕೇಳಿದ: "ಟೀಚರ್, ಮೀನು ಬೆಂದ ಮೇಲೆ ಪದರ ಪದರ ಬಿಡ್ತದೆ, ಕೋಳಿ ಮಾತ್ರ ನಾರು ನಾರು ಬರ್ತದೆ, ಯಾಕೆ?" ನನ್ನ ಟೇಬಲ್‌ನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಮರುವಾರದಿಂದ ಪಾಠ ಅಡುಗೆಮನೆಗೆ ಹೋಯಿತು.

ಮೈಕ್ರೋಸ್ಕೋಪ್ ಇಲ್ಲದೆ ಅಂಗಾಂಶ ಹೇಗೆ ಕಲಿಸುವುದು ಅಂತ ಕೇಳುವವರಿಗೆ ಒಂದು ಮಾತು. ಅಂಗಾಂಶಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದ ಫ್ರಾನ್ಸಿನ ವೈದ್ಯ ಝೇವಿಯರ್ ಬಿಷಾ ಮೈಕ್ರೋಸ್ಕೋಪನ್ನು ನಂಬುತ್ತಲೇ ಇರಲಿಲ್ಲ. ಶವಗಳಿಂದ ತೆಗೆದ ತುಂಡುಗಳನ್ನು ಕುದಿಸಿ, ಒಣಗಿಸಿ, ಆಸಿಡ್‌ನಲ್ಲಿ ನೆನೆಸಿ, ಕೊಳೆಯಲು ಬಿಟ್ಟು, ಯಾವುದು ಹೇಗೆ ಬದಲಾಗುತ್ತದೆ ಅಂತ ಬರಿಗಣ್ಣಿನಲ್ಲೇ ನೋಡಿ 1800ರ ಹೊತ್ತಿಗೆ 21 ಬಗೆ ಎಂದು ವಿಂಗಡಿಸಿದ. 1802ರಲ್ಲಿ, ಮೂವತ್ತನೇ ವಯಸ್ಸಿಗೇ, ತೀರಿಕೊಂಡ. ಕುದಿಸುವುದು, ಒಣಗಿಸುವುದು, ಹುಳಿಯಲ್ಲಿ ನೆನೆಸುವುದು: ನಮ್ಮ ಕರಾವಳಿಯ ಅಡುಗೆಮನೆಯಲ್ಲಿ ದಿನಾ ನಡೆಯುವುದೂ ಇದೇ ಅಲ್ವಾ.

ಏನೇನು ಬೇಕು, ಯಾವಾಗ ಮಾಡಬೇಕು

ಒಂದು ತಾಜಾ ಬಂಗಡೆ. ಒಂದು ಕೋಳಿಪಾದ, ಅಂದರೆ ಬೆರಳು-ಉಗುರು ಇರುವ ಕೆಳಗಿನ ಭಾಗ, ಅಂಗಡಿಯವರು ಸಾಮಾನ್ಯವಾಗಿ ಎಸೆಯುವಂಥದ್ದು, ಕೇಳಿದರೆ ಸುಮ್ನೆ ಕೊಡುತ್ತಾರೆ. ಒಂದು ಕೋಳಿ ತೊಡೆ. ಚೂಪಾದ ಸಣ್ಣ ಚಾಕು, ಚಿಮಟ, ಹಳೇ ಪೇಪರ್, ಒಂದು ಬಟ್ಟಲು ನೀರು, ವಿನಿಗರ್, ಭೂತಗನ್ನಡಿ. ಮೆಟ್ಟುಗತ್ತಿ ಬೇಡ. ಅದರಲ್ಲಿ ಮೀನು ಚೆನ್ನಾಗಿ ತುಂಡಾಗುತ್ತದೆ, ಆದರೆ ನಮಗೆ ಬೇಕಿರುವುದು ತುಂಡಲ್ಲ, ಪದರ ಬಿಡಿಸುವುದು.

ಮೀನು ಮಾರುವ ಹೆಂಗಸು "ಕ್ಲೀನ್ ಮಾಡಿ ಕೊಡ್ಲಾ?" ಅಂತ ಕೇಳೇ ಕೇಳುತ್ತಾಳೆ. ಬೇಡ ಅನ್ನಿ. ಕಿವಿರು, ಕರುಳು ಎಲ್ಲಾ ಇರುವ ಇಡೀ ಮೀನೇ ಬೇಕು. ಕಿವಿರಿನ ಮುಚ್ಚಳ ಎತ್ತಿ ನೋಡಿ ತೆಗೆದುಕೊಳ್ಳಿ. ಒಳಗೆ ಕಡುಗೆಂಪು ಇದ್ದರೆ ತಾಜಾ, ಕಂದು ಬಣ್ಣಕ್ಕೆ ತಿರುಗಿದ್ದರೆ ಹಳೆಯದು. ಇದೂ ಪಾಠವೇ, ಆಮೇಲೆ ಹೇಳುತ್ತೇನೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಶಾಲೆ ಶುರುವಾಗುವುದೂ ಅದೇ ಮಳೆಗಾಲದಲ್ಲಿ. ಹಾಗಾಗಿ ಆ ಎರಡು ತಿಂಗಳು ಕೋಳಿಪಾದ ಮತ್ತು ಸ್ವಂತ ಮೈ ಸಾಕು. ಮೀನಿನ ಭಾಗ ಆಗಸ್ಟ್ ಮೇಲೆ ಇಟ್ಟುಕೊಳ್ಳಿ.

ಒಂದು ಎಚ್ಚರಿಕೆ, ಇದು ನನ್ನದೇ ದಡ್ಡತನದಿಂದ ಕಲಿತದ್ದು. ಒಂದು ಮೇ ತಿಂಗಳಲ್ಲಿ ಮೀನನ್ನು ಮೇಜಿನ ಮೇಲೆ ಹರಡಿಕೊಂಡು ಮೂರು ತಾಸು ಪಾಠ ಮಾಡಿದೆ, ಆಮೇಲೆ ಹಾಳಾಗದಿರಲಿ ಅಂತ ಮಸಾಲೆ ಸವರಿ ಹುರಿದು ತಿಂದೆ. ಅರ್ಧ ತಾಸಿನಲ್ಲಿ ಮುಖ ಕೆಂಪಾಗಿ ಮೈಯೆಲ್ಲಾ ತುರಿಕೆ. ಬಂಗಡೆಯ ಜಾತಿಯ ಮೀನು ಬಿಸಿಯಲ್ಲಿ ಬಿದ್ದಿದ್ದರೆ ಅದರ ಮಾಂಸದಲ್ಲಿ ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಉಂಟುಮಾಡುತ್ತವೆ, ಅದು ಬೇಯಿಸಿದರೂ ಹುರಿದರೂ ಹೋಗುವುದಿಲ್ಲ. ಪಾಠದ ಮೀನು ಪಾಠಕ್ಕೆ, ಊಟದ ಮೀನು ಬೇರೆ, ಫ್ರಿಜ್ಜಿನಲ್ಲಿ.

ಮೊದಲು ನಾಲ್ಕು ಪ್ರಶ್ನೆ

ಚಾಕು ಹಿಡಿಯುವ ಮೊದಲು ಮಕ್ಕಳಿಗೆ ಹೆಸರು ಹೇಳಬೇಡಿ. ಯಾವ ತುಂಡು ಕೈಗೆ ಬಂದರೂ ಇಷ್ಟೇ ಕೇಳಿ: ಇದು ಮುಚ್ಚುತ್ತದೆಯಾ? ಜೋಡಿಸುತ್ತದೆ ಅಥವಾ ತುಂಬುತ್ತದೆಯಾ? ಎಳೆಯುತ್ತದೆಯಾ? ಸುದ್ದಿ ಮುಟ್ಟಿಸುತ್ತದೆಯಾ? ಮುಚ್ಚುವುದು ಅನುಲೇಪಕ, ಜೋಡಿಸುವುದು ಸಂಯೋಜಕ, ಎಳೆಯುವುದು ಸ್ನಾಯು, ಸುದ್ದಿಯದು ನರ. ಒಂದೇ ಥರದ ಕೆಲಸಕ್ಕೆ ಒಟ್ಟು ಸೇರಿದ ಜೀವಕೋಶಗಳ ಗುಂಪೇ ಅಂಗಾಂಶ ಅನ್ನುವ ವ್ಯಾಖ್ಯೆ ಆಮೇಲೆ ತಾನಾಗಿ ಬರುತ್ತದೆ.

ಇದರಲ್ಲಿ ಎಲ್ಲರೂ ಎಡವುವುದು ಸಂಯೋಜಕದಲ್ಲಿ. ಮೂಳೆ ಸಂಯೋಜಕ, ಸರಿ. ಕೊಬ್ಬು ಸಂಯೋಜಕ, ಆಯ್ತು. ರಕ್ತವೂ ಸಂಯೋಜಕ ಅಂದರೆ ಮಕ್ಕಳು ಮುಖ ನೋಡುತ್ತಾರೆ. ನೀರಿನ ಹಾಗೆ ಹರಿಯುವುದು ಅಂಗಾಂಶ ಹೇಗೆ ಆಗುತ್ತದೆ? ನಾನು ಆಗ ಸಿಹಿತಿಂಡಿಗೆ ಹೋಗುತ್ತೇನೆ. ಸಂಯೋಜಕ ಅಂಗಾಂಶದಲ್ಲಿ ಕೋಶಗಳು ಒಂದಕ್ಕೊಂದು ತಾಗಿಕೊಂಡು ಕೂರುವುದಿಲ್ಲ. ದೂರ ದೂರ ಇರುತ್ತವೆ, ನಡುವೆ ಏನೋ ತುಂಬಿರುತ್ತದೆ. ಆ ನಡುವಿನ ವಸ್ತು ಎಂಥದ್ದು ಅನ್ನುವುದರ ಮೇಲೆ ಅಂಗಾಂಶದ ಗುಣ ನಿಲ್ಲುತ್ತದೆ. ಶೇಂಗಾ ಚಿಕ್ಕಿ ತೆಗೆದುಕೊಳ್ಳಿ: ಶೇಂಗಾ ಕೋಶ, ಗಟ್ಟಿಯಾದ ಬೆಲ್ಲ ನಡುವಿನ ವಸ್ತು. ಅದು ಮೂಳೆ. ಹಾಲುಬಾಯಿಗೆ ಗೋಡಂಬಿ ಹಾಕಿದ್ದೀರಿ, ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಮೊದಲಿನ ಹಾಗೆ. ಅದು ಮೃದ್ವಸ್ಥಿ, ಅಂದರೆ ಕಿವಿಯಲ್ಲಿರುವಂಥ, ಮೂಳೆಗಿಂತ ಮೆತ್ತಗಿನದು. ಪಾಯಸದಲ್ಲಿ ಗೋಡಂಬಿ ತೇಲುತ್ತದೆ, ಪಾತ್ರೆ ಬಗ್ಗಿಸಿದರೆ ಹರಿಯುತ್ತದೆ. ಅದು ರಕ್ತ. ಪಾಯಸದ ದ್ರವವೇ ಪ್ಲಾಸ್ಮಾ. ಇಷ್ಟು ಹೇಳಿದ ಮೇಲೆ ರಕ್ತ ಯಾಕೆ ಆ ಪಟ್ಟಿಯಲ್ಲಿದೆ ಅಂತ ಒಬ್ಬ ಮಗುವೂ ಮತ್ತೆ ಕೇಳಿಲ್ಲ.

ಅನುಲೇಪಕ ಇದರ ಉಲ್ಟಾ. ಅಲ್ಲಿ ಕೋಶಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ, ನಡುವೆ ಸಂದು ಇಲ್ಲವೇ ಇಲ್ಲ ಅನ್ನಬಹುದು. ರಕ್ತನಾಳವೂ ಅದರೊಳಗೆ ಇರುವುದಿಲ್ಲ, ಕೆಳಗಿನ ಪದರದಿಂದಲೇ ಅದಕ್ಕೆ ಊಟ ಬರಬೇಕು. ಇದನ್ನು ತೋರಿಸಲು ಏನೂ ಕೊಯ್ಯಬೇಕಿಲ್ಲ. ಮೊಣಕೈ ಎಲ್ಲಾದರೂ ಉಜ್ಜಿದಾಗ ಬರೀ ಬಿಳಿ ಗೆರೆ ಎದ್ದು ರಕ್ತ ಬಾರದೇ ಹೋದರೆ ಅನುಲೇಪಕ ಮಾತ್ರ ಹೋಗಿದೆ. ರಕ್ತ ಬಂತು ಅಂದರೆ ಕೆಳಗಿನ ಸಂಯೋಜಕ ಪದರದವರೆಗೆ ಗಾಯ ಇಳಿದಿದೆ. ಕಬಡ್ಡಿ ಆಡಿ ಬಂದ ಮಕ್ಕಳ ಮಂಡಿ ನೋಡಿದರೆ ಎರಡೂ ಉದಾಹರಣೆ ಒಟ್ಟಿಗೆ ಸಿಗುತ್ತವೆ.

ಬಂಗಡೆ ಬಿಡಿಸುವ ಕ್ರಮ

ಮೊದಲು ಮೀನಿನ ಮೈ ಮೇಲೆ ಬೆರಳು ಎಳೆಯಿರಿ. ಜಾರುತ್ತದೆ. ಆ ಲೋಳೆ ಚರ್ಮದ ಅನುಲೇಪಕ ಕೋಶಗಳೇ ಸುರಿಸಿದ್ದು. ನಮ್ಮ ಚರ್ಮದ ಮೇಲ್ಪದರ ಸತ್ತ ಒಣ ಕೋಶಗಳದ್ದು, ಮೀನಿನದು ಮೇಲ್ಮೈವರೆಗೂ ಜೀವಂತ. ನೀರಿನಲ್ಲಿ ಇರುವವನಿಗೆ ಒಣಗುವ ಭಯ ಇಲ್ಲವಲ್ಲ.

ಈಗ ಕಿವಿರು. ಮುಚ್ಚಳ ಕತ್ತರಿಸಿ ತೆಗೆದು, ಕೆಂಪು ಬಾಚಣಿಗೆಯಂಥ ಒಂದು ಕಮಾನನ್ನು ಬಿಡಿಸಿಕೊಳ್ಳಿ. ಅದನ್ನು ಗಾಳಿಯಲ್ಲಿ ಹಿಡಿದರೆ ಎಳೆಗಳೆಲ್ಲ ಒದ್ದೆ ಕೂದಲಿನ ಹಾಗೆ ಅಂಟಿಕೊಳ್ಳುತ್ತವೆ. ಬಟ್ಟಲ ನೀರಿಗೆ ಬಿಡಿ, ಹರಡಿಕೊಳ್ಳುತ್ತವೆ. ಗಾಳಿಯಲ್ಲಿ ಅಷ್ಟೊಂದು ಆಮ್ಲಜನಕ ಇದ್ದರೂ ಮೀನು ಉಸಿರುಗಟ್ಟಿ ಸಾಯುವುದು ಯಾಕೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉತ್ತರ ನನಗೆ ಗೊತ್ತಿಲ್ಲ. ಎಳೆಗಳ ಮೇಲೆ ಅನುಲೇಪಕ ಎಷ್ಟು ತೆಳು ಅಂದರೆ ಒಳಗಿನ ರಕ್ತದ ಬಣ್ಣವೇ ಹೊರಗೆ ಕಾಣುತ್ತದೆ. ತಾಜಾ ಮೀನಿನ ಕಿವಿರು ಕೆಂಪು ಇರುವುದೂ ಅದಕ್ಕೇ, ರಕ್ತ ಕೆಟ್ಟಂತೆ ಅದು ಕಂದಾಗುವುದೂ ಅದಕ್ಕೇ. ಶಿರಸಿ ಕಡೆಯವರು ತೊಡದೇವು ಅನ್ನುವ ಸಿಹಿತಿಂಡಿ ನೆನಪು ಮಾಡಿಕೊಳ್ಳಿ. ಕಾಗದದ ಹಾಗೆ, ಬೆಳಕಿಗೆ ಹಿಡಿದರೆ ಆಚೆ ಕಾಣುವಂಥದ್ದು. ನಮ್ಮ ಶ್ವಾಸಕೋಶದ ಗಾಳಿಗೂಡುಗಳ ಗೋಡೆಯೂ, ಲೋಮನಾಳಗಳ, ಅಂದರೆ ಅತಿ ಸಣ್ಣ ರಕ್ತನಾಳಗಳ, ಗೋಡೆಯೂ ಅದೇ ಥರ ಒಂದೇ ಪದರ. ಏನಾದರೂ ಆಚೆಯಿಂದ ಈಚೆಗೆ ದಾಟಬೇಕಾದ ಕಡೆ ಗೋಡೆ ಒಂದು ಪದರ. ತಿಕ್ಕಾಟ ತಡೆಯಬೇಕಾದ ಕಡೆ, ಬಾಯಿ, ಅನ್ನನಾಳ, ಅಂಗಾಲಿನಲ್ಲಿ, ಹಲವು ಪದರ. ಉಪವಿಧಗಳ ಹೆಸರು ಮರೆತರೂ ಇದನ್ನು ನೆನಪಿಟ್ಟರೆ ಅರ್ಧ ಪ್ರಶ್ನೆಗೆ ಉತ್ತರ ಬರೆಯಬಹುದು.

ಕಿವಿರುಗಳ ನಡುವೆ, ಗಂಟಲಿನ ಕೆಳಗೆ, ಒಂದು ಸಣ್ಣ ಕೆಂಪು ಮುದ್ದೆ ಸಿಗುತ್ತದೆ. ಹೃದಯ. ಮೀನಿಗೆ ಎರಡೇ ಕೋಣೆ: ಒಂದು ಹೃತ್ಕರ್ಣ, ಒಂದು ಹೃತ್ಕುಕ್ಷಿ. ಹೃದಯ ಒತ್ತಿದ ರಕ್ತ ಮೊದಲು ಕಿವಿರಿಗೆ, ಅಲ್ಲಿಂದ ನೇರ ಮೈಗೆ, ಆಮೇಲೆ ವಾಪಸ್. ನಮ್ಮಲ್ಲಿ ಶ್ವಾಸಕೋಶದಿಂದ ಮತ್ತೆ ಹೃದಯಕ್ಕೆ ಬಂದು, ಎರಡನೇ ಸಲ ಒತ್ತಿಸಿಕೊಂಡು ಮೈಗೆ ಹೋಗುತ್ತದೆ. ಅದಕ್ಕೇ ನಮಗೆ ನಾಲ್ಕು ಕೋಣೆ.

ಇನ್ನು ಆ ಹುಡುಗನ ಪ್ರಶ್ನೆ. ಒಂದು ಬದಿಯ ಚರ್ಮವನ್ನು ನಿಧಾನ ಸುಲಿಯಿರಿ. ಮಾಂಸದ ಮೇಲೆ ಅಡ್ಡ ಬಿದ್ದ ಡಬ್ಲ್ಯೂ ಅಕ್ಷರದಂಥ ಗೆರೆಗಳು ಸಾಲಾಗಿ ಕಾಣುತ್ತವೆ. ಎರಡು ಗೆರೆಯ ನಡುವಿನದು ಒಂದು ಸ್ನಾಯು ಕಟ್ಟು, ಗೆರೆ ಅನ್ನುವುದು ತೆಳ್ಳಗಿನ ಸಂಯೋಜಕ ಹಾಳೆ. ಮೀನಿನ ಸ್ನಾಯು ಎಳೆಗಳು ಗಿಡ್ಡ, ಒಂದು ಹಾಳೆಯಿಂದ ಮುಂದಿನ ಹಾಳೆಯವರೆಗೆ ಅಷ್ಟೇ. ಬೇಯಿಸಿದಾಗ ಹಾಳೆಯಲ್ಲಿನ ಕೊಲಾಜೆನ್ ಅನ್ನುವ ನಾರಿನಂಥ ಪ್ರೋಟೀನ್ ಕರಗಿ ಹೋಗುತ್ತದೆ, ಕಟ್ಟುಗಳು ಪದರ ಪದರ ಬಿಡುತ್ತವೆ. ಕೋಳಿಯ ಸ್ನಾಯು ಎಳೆಗಳು ಉದ್ದ, ಮೂಳೆಯ ಉದ್ದಕ್ಕೂ ಮಲಗಿರುತ್ತವೆ, ಹಾಗಾಗಿ ನಾರು. ಮೀನಿನ ಕೊಲಾಜೆನ್ ಕಡಿಮೆ ಬಿಸಿಗೇ ಕರಗುತ್ತದೆ. ಮೀನು ಸಾರು ಹತ್ತು ನಿಮಿಷದಲ್ಲಿ ಆಗುವುದಕ್ಕೂ, ಮಟನ್ ಕುಕ್ಕರಿನಲ್ಲಿ ಸೀಟಿ ಹೊಡೆಯುತ್ತಾ ಕೂರುವುದಕ್ಕೂ ಕಾರಣ ಬಹುಪಾಲು ಇದೇ.

ಅದೇ ಮಾಂಸದ ಮಧ್ಯೆ, ಬದಿಯ ಉದ್ದಕ್ಕೆ, ಕಡು ಕೆಂಪು ಪಟ್ಟಿ ಇದೆಯಲ್ಲ, ಕೆಲವರು ತಿನ್ನದೇ ಬಿಡುವಂಥದ್ದು, ಅದು ರಕ್ತ ಹೆಪ್ಪುಗಟ್ಟಿದ್ದಲ್ಲ. ದಿನವಿಡೀ ಈಜಲು ಬಳಸುವ ಸ್ನಾಯು. ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಅದರಲ್ಲಿ ಜಾಸ್ತಿ, ಹಾಗಾಗಿ ಕೆಂಪು. ಬಿಳಿ ಮಾಂಸ ಒಮ್ಮೆ ಛಕ್ಕನೆ ಓಡಲು, ಬೇಗ ದಣಿಯುತ್ತದೆ. ಕೋಳಿಯಲ್ಲೂ ನೋಡಿ, ಹಗಲೆಲ್ಲಾ ನಿಲ್ಲುವ ಕಾಲಿನ ಮಾಂಸ ಕಂದು, ಹಾರದ ಕೋಳಿಯ ಎದೆ ಮಾಂಸ ಬಿಳಿ.

ಕೊನೆಗೆ ಬೆನ್ನುಮೂಳೆ. ಮಾಂಸ ತೆಗೆದ ಮೇಲೆ ಮೂಳೆಯನ್ನು ನಡುವೆ ಮುರಿದು ಮೆಲ್ಲನೆ ಬೇರ್ಪಡಿಸಿ. ಮೂಳೆಯ ಮೇಲ್ಬದಿಯ ಕೊಳವೆಯಿಂದ ಬಿಳಿ ದಾರ ಹೊರಬರುತ್ತದೆ. ಅದು ಮೆದುಳುಬಳ್ಳಿ, ಕೈಯಲ್ಲಿ ಹಿಡಿದು ನೋಡಬಹುದಾದ ನರ ಅಂಗಾಂಶ. ಕಣ್ಣು ಗುಡ್ಡೆ ಎತ್ತಿದರೆ ಹಿಂದೆ ಇನ್ನೊಂದು ಗಟ್ಟಿ ಬಿಳಿ ಎಳೆ, ದೃಷ್ಟಿ ನರ. ಬೆನ್ನುಮೂಳೆಯ ಕೆಳಗೆ ಅಂಟಿಕೊಂಡಿರುವ ಕಪ್ಪು ಕೆಂಪು ಗೆರೆ, ನಾವು ರಕ್ತ ಅಂತ ಬೆರಳಲ್ಲಿ ಉಜ್ಜಿ ತೊಳೆಯುವುದು, ಅದು ಮೀನಿನ ಮೂತ್ರಪಿಂಡ. ಇದನ್ನು ಹೇಳಿದ ದಿನ ನಮ್ಮ ಅತ್ತೆಯವರು, "ಇಷ್ಟು ವರ್ಷ ನಾನು ಕಿಡ್ನಿ ತೊಳೀತಿದ್ನಾ?" ಅಂತ ನಕ್ಕಿದ್ದೇ ನಕ್ಕಿದ್ದು.

ಸಿಗಡಿ ತಂದಿದ್ದರೆ ಒಂದು ಮಾತು ಸೇರಿಸಿ: ಬೆನ್ನಿನಿಂದ ಎಳೆದು ತೆಗೆಯುವ ಕಪ್ಪು ದಾರ ನರ ಅಲ್ಲ, ಕರುಳು. ಸಿಗಡಿಯ ಮುಖ್ಯ ನರ ಹೊಟ್ಟೆಯ ಬದಿಗೆ ಇರುತ್ತದೆ. ನಮಗೂ ಮೀನಿಗೂ ಬೆನ್ನಿನಲ್ಲಿ, ಅದಕ್ಕೆ ಹೊಟ್ಟೆಯಲ್ಲಿ.

ಕೋಳಿಪಾದ

ಮಕ್ಕಳಿಗೆ ಅತಿ ಇಷ್ಟವಾಗುವುದು ಇದು. ಕತ್ತರಿಸಿದ ತುದಿಯಲ್ಲಿ ಚರ್ಮ ಸ್ವಲ್ಪ ಸೀಳಿದರೆ ಬಿಳಿ ಹೊಳಪಿನ ದಾರಗಳು ಕಾಣುತ್ತವೆ. ಹಿಂದಿನ ದಾರವನ್ನು ಚಿಮಟದಲ್ಲಿ ಹಿಡಿದು ಎಳೆಯಿರಿ: ಬೆರಳುಗಳು ಮಡಚಿಕೊಳ್ಳುತ್ತವೆ. ಮುಂದಿನದು ಎಳೆಯಿರಿ: ಬಿಚ್ಚಿಕೊಳ್ಳುತ್ತವೆ. ಸತ್ತ ಕಾಲು ಕೈ ಹಿಡಿಯಲು ಬಂದ ಹಾಗೆ ಆಗಿ ಒಂದೆರಡು ಕಿರುಚಾಟ ಗ್ಯಾರಂಟಿ. ದಾರ ಸ್ನಾಯುರಜ್ಜು, ಸ್ನಾಯುವನ್ನು ಮೂಳೆಗೆ ಕಟ್ಟುವುದು. ಸ್ನಾಯು ತಳ್ಳುವುದಿಲ್ಲ, ಎಳೆಯುವುದೊಂದೇ ಗೊತ್ತು, ಹಾಗಾಗಿ ಮಡಚಲು ಒಂದು, ಬಿಚ್ಚಲು ಇನ್ನೊಂದು ಬೇಕು. ಕಡಲಿನಿಂದ ದಡಕ್ಕೆ ಎಂಡಿ ಬಲೆ ಎಳೆಯುವಾಗ ಎರಡು ಕಡೆ ಹಗ್ಗಕ್ಕೂ ಜನ ಬೇಕಲ್ವಾ, ಹಾಗೆ.

ತೊಡೆಯ ಕೀಲು ಬಿಚ್ಚಿದರೆ ಮೂಳೆ ತುದಿಯಲ್ಲಿ ನುಣ್ಣನೆಯ ಬಿಳಿ ಟೋಪಿ ಇದೆ, ಮೃದ್ವಸ್ಥಿ. ಉಗುರಿನಲ್ಲಿ ಒತ್ತಿ ನೋಡಿ. ಮೂಳೆಯಿಂದ ಮೂಳೆಗೆ ಹೋಗುವ ಗಟ್ಟಿ ಪಟ್ಟಿ ಅಸ್ಥಿರಜ್ಜು. ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ, ಅಸ್ಥಿರಜ್ಜಿಗೆ ಬಹಳ ಕಡಿಮೆ. ಮೂಳೆ ಮುರಿದವನು ಬೇಗ ಎದ್ದು ಓಡಾಡಿದ, ಬರೀ ಪಾದ ಉಳುಕಿದವನು ತಿಂಗಳುಗಟ್ಟಲೆ ನರಳಿದ ಅಂತ ಕೇಳಿರುತ್ತೀರಿ. ರಿಪೇರಿ ಸಾಮಾನು ರಕ್ತದಲ್ಲೇ ಬರಬೇಕು, ರಸ್ತೆ ಇಲ್ಲದ ಊರಿಗೆ ಸಾಮಾನು ತಡವಾಗಿಯೇ ಮುಟ್ಟುವುದು.

ಮಾಂಸ ಉಜ್ಜಿ ತೆಗೆದ ಒಂದು ತೆಳು ಮೂಳೆಯನ್ನು ವಿನಿಗರ್‌ನಲ್ಲಿ ಮುಳುಗಿಸಿ ಒಂದು ವಾರ ಇಡಿ, ಮಧ್ಯೆ ಒಮ್ಮೆ ವಿನಿಗರ್ ಬದಲಿಸಿ. ಕ್ಯಾಲ್ಸಿಯಂ ಲವಣಗಳು ಕರಗಿ ಮೂಳೆ ರಬ್ಬರಿನ ಹಾಗೆ ಬಾಗುತ್ತದೆ. ಇನ್ನೊಂದನ್ನು ಬಚ್ಚಲೊಲೆಯ ಕೆಂಡದಲ್ಲಿ ಸುಡಿ, ಕೊಲಾಜೆನ್ ಉರಿದು ಹೋಗಿ ಮುಟ್ಟಿದರೆ ಪುಡಿಯಾಗುತ್ತದೆ. ಚಿಕ್ಕಿಯ ಎರಡು ಅರ್ಧ ಬೇರೆ ಬೇರೆ ಮಾಡಿದ ಹಾಗೆ.

ಮೀನು ಮುಟ್ಟದವರಿಗೆ

ಶಿರಸಿಯಲ್ಲಿ ನನ್ನ ಗೆಳತಿಯ ಮನೆ. ಅವರ ಮಗಳಿಗೆ ಇದನ್ನೆಲ್ಲ ಹೇಳಲು ಹೊರಟರೆ ಅವಳಜ್ಜಿ, "ಇದೆಂಥದು ಮಾರಾಯ್ತಿ, ಅಡುಗೆಮನೆಯಲ್ಲಿ ಮೀನಿನ ಸುದ್ದಿ!" ಅಂದರು. ಸರಿ, ಸ್ವಂತ ಮೈ ಇದೆಯಲ್ಲ.

ಕಿವಿ ಮಡಚಿ ಬಿಡಿ, ವಾಪಸ್ ಬರುತ್ತದೆ: ಮೃದ್ವಸ್ಥಿ. ಕೈ ಹಿಂಬದಿ ನೋಡುತ್ತಾ ಬೆರಳು ಆಡಿಸಿ, ಚರ್ಮದ ಕೆಳಗೆ ಹಗ್ಗ ಓಡಾಡುತ್ತದೆ: ಸ್ನಾಯುರಜ್ಜು. ಆ ಬೆರಳನ್ನು ಆಡಿಸುವ ಸ್ನಾಯು ಬಹುಪಾಲು ಮೊಣಕೈಯ ಕೆಳಗಿದೆ, ಅಲ್ಲಿ ಇನ್ನೊಂದು ಕೈ ಇಟ್ಟರೆ ಉಬ್ಬುವುದು ಗೊತ್ತಾಗುತ್ತದೆ. ಬಾಯಿ ತೊಳೆದುಕೊಂಡು ಕೆನ್ನೆಯ ಒಳಗೆ ಹಲ್ಲುಕಡ್ಡಿಯ ಮೊಂಡು ತುದಿಯಿಂದ ಮೆಲ್ಲನೆ ಕೆರೆದು, ಗಾಜಿನ ಸ್ಲೈಡಿನ ಮೇಲೆ ಸವರಿ, ಒಂದು ಹನಿ ಮೆಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣ ಹಾಕಿದರೆ ಶಾಲೆಯ ಮೈಕ್ರೋಸ್ಕೋಪಿನಲ್ಲಿ ಚಪ್ಪಟೆ ಅನುಲೇಪಕ ಕೋಶಗಳು ಕಾಣುತ್ತವೆ. ಓರೆಕೋರೆ ಹೆಂಚಿನ ತುಂಡುಗಳ ಹಾಗೆ, ನಡುವೆ ಒಂದು ನೀಲಿ ಚುಕ್ಕೆ, ಕೋಶಕೇಂದ್ರ.

ಅಜ್ಜಿಯ ಮನಸ್ಸು ಒಲಿಸಿದ್ದು ಮಾತ್ರ ಅಜ್ಜನ ಕೈ. ತೋಟದಲ್ಲಿ ದುಡಿದ ಕೈ, ಮುಂಗೈಯಲ್ಲಿ ಅಭಿಧಮನಿಗಳು, ಅಂದರೆ ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳಗಳು, ಉಬ್ಬಿ ನಿಂತಿದ್ದವು. ಒಂದು ಬೆರಳಿನಿಂದ ಮಣಿಕಟ್ಟಿನ ಹತ್ತಿರ ಅಭಿಧಮನಿಯನ್ನು ಒತ್ತಿ ಹಿಡಿಯಿರಿ, ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಣಕೈ ಕಡೆಗೆ ರಕ್ತವನ್ನು ಸವರಿ ತಳ್ಳಿ, ಎರಡನೇ ಬೆರಳು ತೆಗೆಯಿರಿ. ನಾಳ ಬರಿದಾಗಿಯೇ ಉಳಿಯುತ್ತದೆ, ಮೇಲಿನಿಂದ ರಕ್ತ ವಾಪಸ್ ಇಳಿಯುವುದಿಲ್ಲ, ಕವಾಟ ತಡೆದಿರುತ್ತದೆ. ಕೆಳಗಿನ ಬೆರಳು ಎತ್ತಿದ ಕ್ಷಣ ತುಂಬುತ್ತದೆ. ರಕ್ತ ಸುತ್ತು ಹಾಕುತ್ತದೆ ಎಂದು 1628ರಲ್ಲಿ ವಾದಿಸಿದ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ತೋರಿಸಿದ್ದೂ ಇದನ್ನೇ. ಅಜ್ಜಿ ಆಮೇಲೆ ತಮ್ಮ ಕೈಯನ್ನೂ ಮುಂದೆ ಚಾಚಿದರು.

ಗುಡ್ಡ ಹತ್ತಿಸಿ

ಅಂಗಾಂಶ ಆಯ್ತು. ಮುಂದಿನದು ಅಂಗವ್ಯೂಹಗಳು ಒಟ್ಟಿಗೆ ಹೇಗೆ ಕೆಲಸ ಮಾಡುತ್ತವೆ ಅನ್ನುವುದು. ಪುಸ್ತಕದಲ್ಲಿ ಜೀರ್ಣಾಂಗವ್ಯೂಹಕ್ಕೆ ಒಂದು ಚಿತ್ರ, ಉಸಿರಾಟಕ್ಕೆ ಒಂದು, ವಿಸರ್ಜನೆಗೆ ಒಂದು. ಆ ಬೇಲಿ ಪುಸ್ತಕದ ಅನುಕೂಲಕ್ಕೆ ಹಾಕಿದ್ದು, ಮೈಯೊಳಗೆ ಇಲ್ಲ. ಇದನ್ನು ಕೂತು ಹೇಳಿದರೆ ತಲೆಗೆ ಹೋಗುವುದಿಲ್ಲ. ನಾವು ಸದಾಶಿವಗಡಕ್ಕೆ ಹೋಗುತ್ತೇವೆ, ಕಾಳಿ ನದಿ ಕಡಲು ಸೇರುವ ಕಡೆ ಇರುವ ಗುಡ್ಡ. ನಿಮ್ಮೂರಿನ ಯಾವ ಏರಾದರೂ ಆದೀತು. ಎದೆ ಅಥವಾ ಉಸಿರಿನ ತೊಂದರೆ ಇರುವ ಮಕ್ಕಳಿಗೆ ಎಣಿಸುವ ಕೆಲಸ ಕೊಡಿ, ಓಡಿಸಬೇಡಿ.

ಕೆಳಗೆ ಐದು ನಿಮಿಷ ಕೂತು ನಾಡಿ ಎಣಿಸಿ, 15 ಸೆಕೆಂಡಿಗೆ ಎಷ್ಟೋ ಅದರ ನಾಲ್ಕರಷ್ಟು. ಉಸಿರನ್ನು ಬೇರೆಯವರು ಎಣಿಸಬೇಕು, ತಾನೇ ಎಣಿಸಿದರೆ ಲಯ ತಪ್ಪುತ್ತದೆ. ದೊಡ್ಡವರಿಗೆ ವಿಶ್ರಾಂತಿಯಲ್ಲಿ ನಾಡಿ ನಿಮಿಷಕ್ಕೆ 60ರಿಂದ 100, ಉಸಿರು 12ರಿಂದ 20. ಈಗ ಬಿರುಸಾಗಿ ಹತ್ತಿ, ಮೇಲೆ ಮುಟ್ಟಿದ ಕೂಡಲೇ ಮತ್ತೆ ಎಣಿಸಿ, ಮುಖದ ಬಣ್ಣ, ಬೆವರು, ಬಾಯಿ ಒಣಗಿದ್ದು ಎಲ್ಲಾ ಬರೆದುಕೊಳ್ಳಿ.

ಆಮೇಲೆ ಒಂದೊಂದಾಗಿ ಕೇಳುತ್ತಾ ಹೋಗಿ. ಕಾಲಿನ ಸ್ನಾಯುಗೆ ಹತ್ತು ಅಂತ ಹೇಳಿದ್ದು ಯಾರು? ನರ. ಸ್ನಾಯುಗೆ ಆಮ್ಲಜನಕ ಮತ್ತು ಗ್ಲುಕೋಸ್ ತಂದದ್ದು? ರಕ್ತ. ಆಮ್ಲಜನಕ ರಕ್ತಕ್ಕೆ ಬಂದದ್ದು ಶ್ವಾಸಕೋಶದಿಂದ, ಗ್ಲುಕೋಸ್ ಬೆಳಿಗ್ಗೆ ತಿಂದ ದೋಸೆಯಿಂದ, ಅದೂ ನೇರವಾಗಿ ಅಲ್ಲ, ಒಂದಿಷ್ಟು ಪಿತ್ತಜನಕಾಂಗದಲ್ಲಿ ಗ್ಲೈಕೋಜನ್ ಆಗಿ ಕೂತು ಕಾಯುತ್ತಿತ್ತು. ಕೂತಿದ್ದಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಒತ್ತುತ್ತದೆ, ಜೋರು ಕೆಲಸದಲ್ಲಿ ಅದು ಮೂರು-ನಾಲ್ಕು ಪಟ್ಟಾಗುತ್ತದೆ. ಅಷ್ಟೇ ಅಲ್ಲ, ಪಾಲು ಬದಲಾಗುತ್ತದೆ. ಕರುಳಿಗೆ ಹೋಗುವ ನಾಳಗಳು ಕಿರಿದಾಗಿ, ಸ್ನಾಯುವಿನ ನಾಳಗಳು ಅಗಲವಾಗುತ್ತವೆ. ಹೊಟ್ಟೆ ತುಂಬ ಉಂಡು ಗುಡ್ಡ ಹತ್ತಿದರೆ ಹೊಟ್ಟೆ ಹಿಡಿದುಕೊಳ್ಳುವುದಕ್ಕೆ ಇದೂ ಒಂದು ಕಾರಣ. ನಾಳ ಕಿರಿದು-ಅಗಲ ಮಾಡಿದ್ದು ಯಾರು? ನಾಳದ ಗೋಡೆಯಲ್ಲಿರುವ ಅನೈಚ್ಛಿಕ ಸ್ನಾಯು. ನಾವು ಹೇಳಿದರೆ ಅದು ಕೇಳುವುದಿಲ್ಲ. ಅಡುಗೆಮನೆಯಲ್ಲಿ ನೋಡಿದ ಅಂಗಾಂಶಗಳು ಇಲ್ಲಿ ಮತ್ತೆ ಬಂದವು ನೋಡಿ.

ಉಸಿರು ಯಾಕೆ ಜೋರಾಯಿತು ಅಂದರೆ ಎಲ್ಲರೂ ಆಮ್ಲಜನಕ ಕಡಿಮೆ ಆಯ್ತು ಅನ್ನುತ್ತಾರೆ. ಮೆದುಳು ಮುಖ್ಯವಾಗಿ ಲೆಕ್ಕ ಇಡುವುದು ಕಾರ್ಬನ್ ಡೈಆಕ್ಸೈಡಿನದು. ಕೂತಲ್ಲೇ ಉಸಿರು ಕಟ್ಟಿ ಹಿಡಿಯಿರಿ, ಬಿಡಲೇಬೇಕು ಅನ್ನಿಸುವ ಆ ತಳಮಳ ಅದು ಏರಿದ್ದರಿಂದ. ಗುಡ್ಡ ಹತ್ತುವಾಗ ಇನ್ನೂ ಒಂದು ವಿಷಯ: ಮೊದಲ ಹೆಜ್ಜೆಗೇ ಉಸಿರು ಏರಲು ಶುರುವಾಗಿರುತ್ತದೆ, ಅನಿಲದ ಲೆಕ್ಕ ಬದಲಾಗುವ ಮೊದಲೇ. ಸ್ನಾಯುಗೆ ಆದೇಶ ಕೊಡುವಾಗಲೇ ಮೆದುಳು ಉಸಿರಾಟ ಕೇಂದ್ರಕ್ಕೂ ಸುದ್ದಿ ಕೊಟ್ಟಿರುತ್ತದೆ, ಕೀಲುಗಳಿಂದಲೂ ಸುದ್ದಿ ಬರುತ್ತದೆ. ಮದುವೆ ಮನೆಯಲ್ಲಿ ಬಸ್ಸು ಬರುವ ಮೊದಲೇ ಅಡುಗೆಯವರು ಅನ್ನಕ್ಕೆ ನೀರಿಡುವ ಹಾಗೆ.

ಇನ್ನು ಬೆವರು. ಸ್ನಾಯು ಖರ್ಚು ಮಾಡಿದ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಶಾಖವಾಗಿ ಹೋಗುತ್ತದೆ. ಆ ಶಾಖವನ್ನು ರಕ್ತ ಚರ್ಮಕ್ಕೆ ತರುತ್ತದೆ, ಮುಖ ಕೆಂಪಾಗುವುದು ಅದಕ್ಕೇ. ಬೆವರು ಸುರಿದ ಮಾತ್ರಕ್ಕೆ ತಂಪಾಗುವುದಿಲ್ಲ, ಅದು ಆವಿಯಾಗಬೇಕು. ನಮ್ಮ ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ, ಹಾಗಾಗಿ ಬೆವರು ಒಣಗದೆ ಬರೀ ಸೋರುತ್ತದೆ. ಏಪ್ರಿಲ್‌ನಲ್ಲಿ ಕಾರವಾರದಲ್ಲಿ ಸುಮ್ನೆ ನಿಂತರೂ ಅಂಗಿ ಒದ್ದೆ, ಮೈ ಮಾತ್ರ ಬಿಸಿ. ಈ ಪ್ರಯೋಗಕ್ಕೆ ಡಿಸೆಂಬರ್-ಜನವರಿ ಬೆಳಿಗ್ಗೆ ಒಳ್ಳೆಯದು, ದಯವಿಟ್ಟು ಬೇಸಿಗೆ ಮಧ್ಯಾಹ್ನ ಕರೆದುಕೊಂಡು ಹೋಗಬೇಡಿ.

ನೀರು ಹೋದದ್ದನ್ನು ಮೆದುಳು ಗಮನಿಸಿ ಒಂದು ಹಾರ್ಮೋನ್ ಬಿಡುತ್ತದೆ, ಅದು ರಕ್ತದಲ್ಲಿ ಮೂತ್ರಪಿಂಡಕ್ಕೆ ಹೋಗಿ ನೀರು ಉಳಿಸು ಅನ್ನುತ್ತದೆ. ಮನೆಗೆ ಬಂದ ಮೇಲೆ ಮೂತ್ರ ಕಡಿಮೆ, ಬಣ್ಣ ಗಾಢ. ಇದನ್ನು ಗಮನಿಸಿ ಅಂದರೆ ಮಕ್ಕಳು ನಗುತ್ತಾರೆ, ಆದರೆ ಮರೆಯುವುದಿಲ್ಲ. ನಾನು ಫ್ಲಾಸ್ಕಿನಲ್ಲಿ ಮುರುಗಲ ಹಣ್ಣಿನ ಪಾನಕ ಒಯ್ಯುತ್ತೇನೆ, ಉಪ್ಪು ಸಕ್ಕರೆ ಹಾಕಿ. ಕರುಳಿನ ಅನುಲೇಪಕದಲ್ಲಿ ಗ್ಲುಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಗೆ ದಾಟುವ ಒಂದು ಬಾಗಿಲಿದೆ, ಅವು ಹೋದ ಹಿಂದೆ ನೀರು ಹೋಗುತ್ತದೆ. ಓಆರ್‌ಎಸ್ ಪೊಟ್ಟಣ ಕೆಲಸ ಮಾಡುವುದೂ ಇದೇ ಬಾಗಿಲಿನಿಂದ.

ಇಳಿಯುವಾಗ ಒಂದೇ ಒಂದು ಪ್ರಶ್ನೆ ಕೊಡುತ್ತೇನೆ, ಪ್ರತಿ ವರ್ಷ ಅದೇ. ಮೀನಿನ ಮುಳ್ಳು ಗಂಟಲಲ್ಲಿ ಸಿಕ್ಕಿತು ಅಂತಿಟ್ಟುಕೊಳ್ಳಿ, ಯಾವ ಯಾವ ಅಂಗಾಂಶ, ಯಾವ ಯಾವ ವ್ಯೂಹ ಕೆಲಸಕ್ಕೆ ಇಳಿದವು? (ನಿಜವಾಗಿ ಸಿಕ್ಕಿದರೆ ಅನ್ನದ ಉಂಡೆ ನುಂಗಿ ಒಳಗೆ ತಳ್ಳಲು ಹೋಗಬೇಡಿ, ಮುಳ್ಳು ತಾನಾಗಿ ಹೋಗದಿದ್ದರೆ ಡಾಕ್ಟರ್ ಹತ್ತಿರ ತೆಗೆಸಿ.) ಹೋದ ವರ್ಷ ಒಬ್ಬಳು ಚೆನ್ನಾಗಿ ಹೇಳಿದಳು. ಮುಳ್ಳು ಚುಚ್ಚಿದ್ದು ಹಲವು ಪದರದ ಅನುಲೇಪಕಕ್ಕೆ, ಸ್ವಲ್ಪ ರಕ್ತ ಬಂದರೆ ಸಂಯೋಜಕದವರೆಗೂ ಹೋಗಿದೆ, ನರ ನೋವಿನ ಸುದ್ದಿ ಒಯ್ಯಿತು, ಯೋಚನೆ ಮಾಡುವ ಮೊದಲೇ ಕೆಮ್ಮು ಬಂತು, ಎದೆ ಹೊಟ್ಟೆಯ ಸ್ನಾಯುಗಳೆಲ್ಲ ಒಟ್ಟಿಗೆ ಒತ್ತಿದವು, ಜೊಲ್ಲು ಸುರಿಯಿತು, ಹೆದರಿಕೆಗೆ ಅಡ್ರಿನಲಿನ್ ಬಂದು ಎದೆ ಡವಡವ, ಕೈ ಬೆವರು. ಬೆನ್ನಿಗೆ ಅವಳ ತಮ್ಮ ಕೇಳಿದ: "ಟೀಚರ್, ಆಗ ಆಯಿ ಬೈತಾಳಲ್ಲ, ನೋಡ್ಕೊಂಡು ತಿನ್ನೋಕಾಗಲ್ವಾ ಅಂತ, ಅದು ಯಾವ ವ್ಯೂಹ?"